ತೋಟದ ನಕ್ಷೆ ಯಾರದು? ಕೃಷಿ ತಂತ್ರಜ್ಞಾನ ಕಂಪನಿಗಳಿಗೂ ಅವುಗಳಲ್ಲಿ ಹಣ ಹೂಡಿದವರಿಗೂ ಕೊಡಗಿನಿಂದ ಬಹಿರಂಗ ಪತ್ರ

ಮಾನ್ಯರೇ,

ಕಾಫಿ ಕೊಯ್ಲಿನ ದಿನಗಳಲ್ಲಿ ಅಮ್ಮತ್ತಿ, ಸಿದ್ದಾಪುರ, ಸುಂಟಿಕೊಪ್ಪ, ನಾಪೋಕ್ಲು ಕಡೆಯ ತೋಟಗಳಿಗೆ ಈಗ ವ್ಯಾಪಾರಿಗಳ ಜೊತೆಗೆ ನಿಮ್ಮ ಪ್ರತಿನಿಧಿಗಳೂ ಬರುತ್ತಾರೆ. ಫೋನ್ ಹಿಡಿದು ಬೇಲಿ ಸುತ್ತುತ್ತಾರೆ, ಪಹಣಿಯ ಫೋಟೊ ತೆಗೆಯುತ್ತಾರೆ, ಆಧಾರ್ ಸಂಖ್ಯೆ ಬರೆದುಕೊಳ್ಳುತ್ತಾರೆ, ಕಳೆದ ಸಲ ಎಷ್ಟು ಚೀಲ ಆಯಿತು, ಬ್ಯಾಂಕಿನಲ್ಲಿ ಎಷ್ಟು ಸಾಲ ಇದೆ ಎಂದು ಕೇಳುತ್ತಾರೆ. ಕೊನೆಗೊಂದು ಓಟಿಪಿ ಬರುತ್ತದೆ. ಅದನ್ನು ಹೇಳಿದರೆ ಕೆಲಸ ಮುಗಿಯಿತು. ‘ಯುರೋಪಿಗೆ ಕಾಫಿ ಹೋಗಬೇಕಾದರೆ ಇದೆಲ್ಲ ಬೇಕೇ ಬೇಕು’ ಎಂಬ ಒಂದು ಮಾತಿಗೆ ಬೆಳೆಗಾರ ಸುಮ್ಮನಾಗುತ್ತಾನೆ.

ನಾವು ತಂತ್ರಜ್ಞಾನದ ವಿರೋಧಿಗಳಲ್ಲ. ಮಳೆಯ ಮುನ್ಸೂಚನೆ, ದಿನದ ಧಾರಣೆ, ಆನೆ ಬಂದಿದೆ ಎಂಬ ಸಂದೇಶ, ಇವೆಲ್ಲ ತೋಟದ ಬದುಕಿಗೆ ಬೇಕಾದವೇ. ಆದರೆ ತೋಟದ ಮಾಹಿತಿ ಬೆಳೆಗಾರನದು, ಅದನ್ನು ಕಾಪಾಡುವಷ್ಟು ಕೆಲಸ ಮಾತ್ರ ನಿಮ್ಮದು. ಕಂಪನಿ ನಡೆಯುವಾಗ ಮಾತ್ರವೇ ಈ ಹೊಣೆ ಇದ್ದರೆ ಸಾಲದು. ಕಂಪನಿ ಕೈ ಬದಲಾದ ದಿನ, ಬಾಗಿಲು ಹಾಕಿದ ದಿನ ಆ ಮಾಹಿತಿ ಏನಾಗುತ್ತದೆ ಎನ್ನುವುದಕ್ಕೂ ನೀವು ಉತ್ತರ ಕೊಡಬೇಕು. ನಿಮಗೆ ಹಣ ಕೊಟ್ಟವರೂ ಕೊಡಬೇಕು. ಈ ಪತ್ರ ಅದಕ್ಕಾಗಿ.

ಯುರೋಪಿನ ಮಾತಿನಿಂದಲೇ ಹಿಡಿಯೋಣ, ಹೆಚ್ಚಿನ ಮಾಹಿತಿ ಹೋಗುತ್ತಿರುವುದು ಅದರ ಹೆಸರಿನಲ್ಲೇ. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ 2023ರದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿನ ಮಾರುಕಟ್ಟೆಯಲ್ಲಿ ಜಾಗವಿಲ್ಲ ಎನ್ನುವುದು ಅದರ ತಿರುಳು. ಜಾರಿಯ ದಿನ ಎರಡು ಸಲ ಮುಂದೆ ಹೋಗಿದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾದ್ದರಿಂದ ನಿಯಮವನ್ನು ಕಡೆಗಣಿಸುವಂತಿಲ್ಲ. ಆದರೆ ಅದು ನಿಜವಾಗಿ ಕೇಳುವುದೇನು? 4 ಹೆಕ್ಟೇರ್‌ಗಿಂತ ದೊಡ್ಡ ತಾಕಾದರೆ ಗಡಿಯ ನಕ್ಷೆ. ಅದಕ್ಕಿಂತ ಚಿಕ್ಕದಾದರೆ ತಾಕಿನೊಳಗಿನ ಒಂದೇ ಒಂದು ಬಿಂದುವಿನ ಅಕ್ಷಾಂಶ, ರೇಖಾಂಶ. 4 ಹೆಕ್ಟೇರ್ ಎಂದರೆ ಹೆಚ್ಚುಕಡಿಮೆ 10 ಎಕರೆ. ಕೊಡಗಿನ ಸಣ್ಣ ಬೆಳೆಗಾರರಲ್ಲಿ ಬಹಳ ಮಂದಿಯ ತೋಟ ಇದರೊಳಗೇ ಮುಗಿಯುತ್ತದೆ. ಅಂಥವರ ಬೇಲಿಯುದ್ದಕ್ಕೂ ನಡೆದು ನಕ್ಷೆ ಮಾಡಿಕೊಳ್ಳಲು ಆ ನಿಯಮ ನಿಮಗೆ ಹೇಳಿಲ್ಲ. ಆಧಾರ್ ಸಂಖ್ಯೆಯನ್ನೂ ಅದು ಕೇಳುವುದಿಲ್ಲ, ಬ್ಯಾಂಕಿನ ಬಾಕಿಯನ್ನೂ ಕೇಳುವುದಿಲ್ಲ. ಘೋಷಣೆ ಸಲ್ಲಿಸುವ ಹೊಣೆ ಕಾಫಿಯನ್ನು ಅಲ್ಲಿನ ಮಾರುಕಟ್ಟೆಗೆ ಇಳಿಸುವವರ ಮೇಲಿದೆ. 2025ರ ಮೇ ತಿಂಗಳಲ್ಲಿ ಒಕ್ಕೂಟ ಮಾಡಿದ ವರ್ಗೀಕರಣದಲ್ಲಿ ಭಾರತ ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿದೆ. ಇಷ್ಟನ್ನೂ ತಿಳಿದಿರುವ ನೀವು ಬೆಳೆಗಾರನಿಗೆ ಹೇಳುವುದು ಮಾತ್ರ ‘ಕೊಡದಿದ್ದರೆ ನಿಮ್ಮ ಕಾಫಿ ಯಾರೂ ಕೊಳ್ಳುವುದಿಲ್ಲ’ ಎಂದು. ಹೆದರಿಸಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು.

ಇನ್ನು, ಆ ನಕ್ಷೆಯಾದರೂ ಸರಿಯಾಗಿದೆಯೇ? ನಿಯಮಕ್ಕೆ ಬೇಕಾದದ್ದು ಡಿಗ್ರಿಯ ದಶಾಂಶದ ನಂತರ 6 ಅಂಕಿ. ಆರನೇ ಅಂಕಿಯ ಬೆಲೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಸಾಮಾನ್ಯ ಫೋನಿನ ಜಿಪಿಎಸ್ ಬಯಲಿನಲ್ಲಿ 5 ಮೀಟರ್ ಆಚೀಚೆ ತೋರಿಸುತ್ತದೆ, ಹಲಸು, ಅತ್ತಿ, ಬಳಂಜಿ, ಸಿಲ್ವರ್ ಓಕ್ ಹೆಣೆದುಕೊಂಡ ನೆರಳಿನಡಿ ತಪ್ಪು ಇನ್ನೂ ಹೆಚ್ಚು. ಉಪಗ್ರಹದ ಸಂಕೇತ ಎಲೆಗಳಲ್ಲಿ ಕುಂದುತ್ತದೆ, ಗುಡ್ಡದ ಬದಿಗೆ ಬಡಿದು ತಿರುಗಿ ಬರುತ್ತದೆ, ಕಣಿವೆಯಲ್ಲಿ ಕಾಣುವ ಉಪಗ್ರಹಗಳ ಸಂಖ್ಯೆಯೇ ಕಡಿಮೆ. ಲೆಕ್ಕ ಹಾಕಿ ನೋಡಿ. ಚೌಕಾಕಾರದ 1 ಎಕರೆಗೆ ಒಂದೊಂದು ಬದಿ ಸುಮಾರು 63.6 ಮೀಟರ್. ಸುತ್ತಲೂ 5 ಮೀಟರ್ ಹೊರಗೆ ಜರುಗಿದರೆ ಅದು 1 ಎಕರೆ 34 ಸೆಂಟ್ (100 ಸೆಂಟ್ ಎಂದರೆ 1 ಎಕರೆ) ಆಗುತ್ತದೆ, ಒಳಗೆ ಜರುಗಿದರೆ 71 ಸೆಂಟಿಗೆ ಇಳಿಯುತ್ತದೆ. ದೊಡ್ಡ ತೋಟದಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ, ಸಣ್ಣವನ ತೋಟದಲ್ಲಿ ಎದ್ದು ಕಾಣುತ್ತದೆ. ಪಕ್ಕದವನ ನಕ್ಷೆಯ ಮೇಲೆ ಇವನ ನಕ್ಷೆ ಹತ್ತಿ ಕೂರುತ್ತದೆ. ಪಕ್ಕದಲ್ಲಿ ಪೈಸಾರಿಯೋ (ಸರ್ಕಾರಿ ಜಮೀನು) ಮೀಸಲು ಅರಣ್ಯವೋ ಇದ್ದರೆ ಒಂದಿಂಚೂ ಒತ್ತುವರಿ ಮಾಡದವನು ನಿಮ್ಮ ಪರದೆಯ ಮೇಲೆ ಒತ್ತುವರಿದಾರನಾಗುತ್ತಾನೆ.

ಇದಕ್ಕೆ ಪರಿಹಾರ ಇಲ್ಲದಿಲ್ಲ, ಅದಕ್ಕೆ ಸಮಯ ಬೇಕು ಅಷ್ಟೆ. ಜಿಪಿಎಸ್‌ನ ಎಲ್1 ಮತ್ತು ಎಲ್5 ಎರಡೂ ತರಂಗ ಹಿಡಿಯುವ ಫೋನ್ ಬಳಸಬೇಕು. ಪ್ರತಿ ಮೂಲೆಯಲ್ಲೂ ಎರಡು ಮೂರು ನಿಮಿಷ ನಿಂತು ಸರಾಸರಿ ತೆಗೆಯಬೇಕು, ನಡೆಯುತ್ತಲೇ ಗೆರೆ ಎಳೆಯಬಾರದು. ಮನೆಗೆ ಬಂದು ಆ ನಕ್ಷೆಯನ್ನು ಸರ್ವೆ ನಂಬರಿನ ಗಡಿಯ ಮೇಲಿಟ್ಟು ನೋಡಬೇಕು, ಸರ್ವೆ ನಂಬರಿನ ಗಡಿ ರಾಜ್ಯದ ದಿಶಾಂಕ್ ಆ್ಯಪ್‌ನಲ್ಲಿ ಸಿಗುತ್ತದೆ. ವಿಸ್ತೀರ್ಣ ಆಕಾರ್‌ಬಂದ್‌ಗೆ, ಅಂದರೆ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಗೆ, ತಾಳೆಯಾಗದಿದ್ದರೆ ಮತ್ತೆ ಅಳೆಯಬೇಕು. ಪ್ರತಿ ನಕ್ಷೆಯ ಜೊತೆಗೆ ಅಳತೆಯ ತಪ್ಪು ಎಷ್ಟು ಮೀಟರ್ ಎಂಬುದನ್ನೂ ದಾಖಲಿಸಬೇಕು. ಒಂದು ನೋಂದಣಿಗೆ ಇಷ್ಟು ಎಂದು ಪ್ರತಿನಿಧಿಗೆ ಹಣ ಕೊಟ್ಟರೆ ಇದ್ಯಾವುದೂ ನಡೆಯುವುದಿಲ್ಲ. ದಿನಕ್ಕೆ ಹತ್ತು ತೋಟ ಮುಗಿಸಬೇಕಾದವನು ಮೂಲೆಯಲ್ಲಿ ಮೂರು ನಿಮಿಷ ನಿಲ್ಲುತ್ತಾನೆಯೇ? ಓಟಿಪಿ ಕೇಳುವ ಮೊದಲು ಷರತ್ತು ಓದಿ ಹೇಳುತ್ತಾನೆಯೇ? ತಪ್ಪು ಆ ಹುಡುಗನದಲ್ಲ, ಅವನ ಸಂಬಳವನ್ನು ಹಾಗೆ ಕಟ್ಟಿದವರದು.

ಉಪಗ್ರಹ ಚಿತ್ರದ ಕಥೆ ಇನ್ನೂ ಸೂಕ್ಷ್ಮ. ನೀವು ಸಾಮಾನ್ಯವಾಗಿ ಬಳಸುವ ಸೆಂಟಿನೆಲ್-2 ಚಿತ್ರದ ಒಂದು ಚುಕ್ಕಿ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಎರಡೂವರೆ ಸೆಂಟ್ ಜಾಗ. ಮೇಲಿನಿಂದ ನೋಡುವ ಆ ಕಣ್ಣಿಗೆ ಕೊಡಗಿನ ತೋಟ ಕಾಡಿನಂತೆಯೇ ಕಾಣುತ್ತದೆ, ಕಾಫಿ ಗಿಡ ಕೆಳಗೆಲ್ಲೋ ಇರುತ್ತದೆ. ಐರೋಪ್ಯ ನಿಯಮದ ಮಾತಿನಲ್ಲಿ ಅರಣ್ಯ ಎಂದರೆ ಅರ್ಧ ಹೆಕ್ಟೇರ್‌ಗಿಂತ ಹೆಚ್ಚಿನ ಜಾಗ, 5 ಮೀಟರ್ ಮೀರಿದ ಮರಗಳು, ಶೇ 10ಕ್ಕಿಂತ ಹೆಚ್ಚು ಕೊಂಬೆಯ ಹೊದಿಕೆ. ಹಾಗೆಯೇ, ಮರದ ನೆರಳಿನಡಿ ಬೆಳೆ ತೆಗೆಯುವ ಕೃಷಿಭೂಮಿ ಅರಣ್ಯವಲ್ಲ ಎಂದೂ ಅದೇ ನಿಯಮ ಬಿಡಿಸಿ ಹೇಳುತ್ತದೆ. ಮನುಷ್ಯ ಓದಿದರೆ ಇದು ತಿಳಿಯುತ್ತದೆ. ಬಣ್ಣ ನೋಡಿ ವಿಂಗಡಿಸುವ ಯಂತ್ರಕ್ಕೆ ತಿಳಿಯುವುದಿಲ್ಲ. ಮೊದಲು ತೋಟವನ್ನು ಕಾಡು ಎಂದು ಗುರುತಿಸುತ್ತದೆ, ಆಮೇಲೆ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ನೆರಳು ತೆಳುವಾಗಿಸಿದರೆ ‘ಕಾಡು ನಾಶವಾಗಿದೆ’ ಎಂದು ಕೆಂಪು ಗುರುತು ಹಾಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಿಂದಾಗಿ ಒಳ್ಳೆಯ ಚಿತ್ರವೇ ಸಿಗುವುದಿಲ್ಲ. ಮರಗಸಿಯ ಮೊದಲಿನ ಮೇ ತಿಂಗಳ ಚಿತ್ರದ ಪಕ್ಕಕ್ಕೆ ಅಕ್ಟೋಬರಿನ ಚಿತ್ರ ಇಟ್ಟು ಹೋಲಿಸಿದಾಗ ವ್ಯತ್ಯಾಸ ಇನ್ನೂ ದೊಡ್ಡದಾಗಿ ಕಾಣುತ್ತದೆ. ಭೂಕುಸಿತದ ಗಾಯಗಳೂ ಹಾಗೆಯೇ. 2018, 2019, 2020ರ ಆಗಸ್ಟ್ ತಿಂಗಳುಗಳಲ್ಲಿ ಗುಡ್ಡಗಳು ಜರಿದ ಜಿಲ್ಲೆ ಇದು. ಮುಂದೆಯೂ ಜರಿದಾವು. ಬೆಟ್ಟ ಕುಸಿದು ಬೋಳಾದ ಜಾಗವನ್ನು ಮರ ಕಡಿದ ಜಾಗ ಎಂದು ಯಂತ್ರ ಹೇಳಿದರೆ, ತೋಟ ಕಳೆದುಕೊಂಡವನಿಗೆ ಮಾರುಕಟ್ಟೆಯೂ ಹೋಗುತ್ತದೆ.

ಆದ್ದರಿಂದ ಕೆಂಪು ಗುರುತು ಬಿದ್ದ ಯಾವ ತೋಟವನ್ನೂ ಸ್ಥಳಕ್ಕೆ ಹೋಗಿ ನೋಡದೆ ತಿರಸ್ಕರಿಸಬಾರದು. ಯಾವ ದಿನಾಂಕದ ಯಾವ ಚಿತ್ರದ ಆಧಾರದ ಮೇಲೆ ಗುರುತು ಬಿತ್ತು ಎಂಬುದನ್ನು ಬೆಳೆಗಾರನಿಗೆ ಕನ್ನಡದಲ್ಲಿ ತಿಳಿಸಬೇಕು. ಆಕ್ಷೇಪ ಸಲ್ಲಿಸಲು ಕೊಯ್ಲು ಮುಗಿಯುವವರೆಗಾದರೂ ಕಾಲ ಕೊಡಬೇಕು. ಅಲ್ಲಿಯವರೆಗೆ ಖರೀದಿದಾರರಿಗೆ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸಿ, ‘ಅನರ್ಹ’ ಎಂದಲ್ಲ. ಆ ಒಂದು ಪದದ ಮೇಲೆ ಒಂದು ಮನೆಯ ವರ್ಷದ ಆದಾಯ ನಿಂತಿರುತ್ತದೆ.

ಜಮ್ಮಾ ಬಾಣೆಯ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ, ವಿಷಯಕ್ಕೆ ಬರೋಣ. ಬೇರೆ ಜಿಲ್ಲೆಯ ಅಳತೆಗೋಲು ಇಲ್ಲಿ ನಡೆಯುವುದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಇಲ್ಲಿ ಪಹಣಿಯಲ್ಲಿ ಒಕ್ಕದ (ಮನೆತನದ) ಪಟ್ಟೇದಾರನ, ಅಂದರೆ ಹಿರಿಯನ, ಹೆಸರಿರುತ್ತದೆ, ಆತ ತೀರಿಕೊಂಡು ಎರಡು ತಲೆಮಾರು ಕಳೆದಿರಬಹುದು. ಸಾಗುವಳಿ ಮಾಡುವವರು ಒಕ್ಕದ ನಾಲ್ಕಾರು ಮನೆಯವರು, ಅವರವರ ಪಾಲು ಮನೆಯೊಳಗಿನ ತೀರ್ಮಾನ. ನಿಮ್ಮ ಆ್ಯಪ್‌ನಲ್ಲಿ ‘ಮಾಲೀಕರ ಹೆಸರು’ ಎಂದು ಒಂದೇ ಖಾನೆ ಇರುತ್ತದೆ, ಅದು ಆಧಾರ್‌ಗೂ ಪಹಣಿಗೂ ಹೊಂದಬೇಕು. ಹೊಂದುವುದಿಲ್ಲ. ಆಗ ಪ್ರತಿನಿಧಿ ಆ್ಯಪ್ ಒಪ್ಪುವ ಯಾವುದೋ ಒಂದು ಹೆಸರು ತುಂಬಿ ಮುಂದೆ ಹೋಗುತ್ತಾನೆ. ಅಂದಿನಿಂದ ಒಂದು ಖಾಸಗಿ ಕಂಪನಿಯ ದಾಖಲೆಯಲ್ಲಿ ಒಕ್ಕದ ಜಾಗ ಒಬ್ಬನ ಹೆಸರಿನಲ್ಲಿರುತ್ತದೆ. ನಾಳೆ ಮನೆಯೊಳಗೆ ಪಾಲಿನ ತಕರಾರು ಬಂದರೆ ಆ ಕಾಗದ ಸಾಕ್ಷಿಯಾಗಿ ಮುಂದೆ ಬರಬಹುದು. ಇದನ್ನು ಸರಿಪಡಿಸುವುದು ನಿಮ್ಮ ಎಂಜಿನಿಯರುಗಳಿಗೆ ಒಂದು ವಾರದ ಕೆಲಸ. ಪಹಣಿಯ ಪಟ್ಟೇದಾರ, ಸಾಗುವಳಿ ಮಾಡುವವರು, ಹಣ ಪಡೆಯುವವರು ಎಂದು ಮೂರು ಬೇರೆ ಬೇರೆ ಖಾನೆ ಮಾಡಿ. ಎರಡನೆಯದರಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿಗೆ ಜಾಗ ಕೊಡಿ. ‘ಇದು ಹಕ್ಕಿನ ದಾಖಲೆಯಲ್ಲ’ ಎಂದು ಪ್ರತಿ ಪುಟದ ಕೆಳಗೆ ಅಚ್ಚು ಹಾಕಿ. ತಾಕಿನೊಳಗೆ ಐನ್‌ಮನೆ (ಮನೆತನದ ಮೂಲಮನೆ), ಕೈಮಡ (ಹಿರಿಯರ ಗುಡಿ), ದೇವರಕಾಡಿನ ಅಂಚು ಇದ್ದರೆ ಅವನ್ನು ನಕ್ಷೆಯಿಂದ ಹೊರಗಿಡಿ. ಅವು ಮಾರಾಟದ ಸರಕಿಗೆ ಸಂಬಂಧಪಟ್ಟವಲ್ಲ.

ಈ ಮಾಹಿತಿಯಿಂದ ಯಾರಿಗೆ ಏನು ಲಾಭ ಎಂದು ಕೇಳುವವರಿದ್ದಾರೆ. ಗಡಿ, ಇಳುವರಿ, ಸಾಲದ ಬಾಕಿ, ಮಾಲೀಕರ ವಯಸ್ಸು, ಮಕ್ಕಳು ಊರಿನಲ್ಲಿದ್ದಾರೆಯೇ ಎಂಬ ವಿವರ, ಇವಿಷ್ಟನ್ನು ಒಟ್ಟಿಗೆ ಇಟ್ಟರೆ ಯಾವ ತೋಟ ಮಾರಾಟಕ್ಕೆ ಬರಲಿದೆ ಎಂಬ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ತೋಟಗಳನ್ನು ಕಾಲು ಎಕರೆ, ಅರ್ಧ ಎಕರೆ ತುಂಡು ಮಾಡಿ ನಗರದವರಿಗೆ ಮಾರುವ ವ್ಯವಹಾರ ಬೆಳೆಯುತ್ತಿದೆ. ಅಂಥವರಿಗೆ ಈ ಪಟ್ಟಿ ಚಿನ್ನ. ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಡಿ ಕಾಫಿ ತೋಟಗಳು ಹರಾಜಿಗೆ ಬಂದದ್ದನ್ನು ಕಂಡ ಜಿಲ್ಲೆಯಲ್ಲಿ ಸಾಲದ ಬಾಕಿ ಎನ್ನುವುದು ಕೇವಲ ಒಂದು ಅಂಕಿಯಲ್ಲ. ನೀವು ಇಂದು ಮಾರುತ್ತಿದ್ದೀರಿ ಎಂದು ನಾವು ಹೇಳುತ್ತಿಲ್ಲ. ಮಾರುವುದಿಲ್ಲ ಎಂದು ಎಲ್ಲಿ ಬರೆದುಕೊಟ್ಟಿದ್ದೀರಿ ಎಂದು ಕೇಳುತ್ತಿದ್ದೇವೆ.

ಇದೇ ಮಾಹಿತಿ ಸಾಲದ ಅರ್ಹತೆ ಅಳೆಯಲೂ ಹೋಗುತ್ತದೆ. ಕಾಫಿ ಗಿಡ ಒಂದು ವರ್ಷ ತುಂಬಿ ಹಿಡಿದರೆ ಮರುವರ್ಷ ಕಡಿಮೆ ಹಿಡಿಯುವುದು ಸಹಜ. ಒಂದೆರಡು ವರ್ಷದ ಲೆಕ್ಕದ ಮೇಲೆ ಕಟ್ಟಿದ ಮಾದರಿ ಆ ಇಳಿತವನ್ನು ಬೆಳೆಗಾರನ ಸೋಲು ಎಂದು ಓದುತ್ತದೆ. ಗಿಡ ಹೂ ಬಿಡಲು ಬೇಕಾದ ಫೆಬ್ರವರಿ, ಮಾರ್ಚ್‌ನ ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್ಲಿಗೆ ಹಣ ಬೇಕು. ಹೂಮಳೆಯ ನಂತರದ ಬ್ಯಾಕಿಂಗ್ ಶವರ್ ಬಾರದಿದ್ದರೆ ಇನ್ನೊಂದು ಸುತ್ತು. ಸರಿಯಾಗಿ ಆ ಹೊತ್ತಿಗೇ ಅಂಕ ಇಳಿದು ಸಾಲದ ಬಾಗಿಲು ಮುಚ್ಚುತ್ತದೆ. ಕನಿಷ್ಠ ನಾಲ್ಕು ವರ್ಷದ ಇಳುವರಿ ನೋಡದೆ ಅಂಕ ಕೊಡಬೇಡಿ, ಕೊಟ್ಟ ಅಂಕದ ಕಾರಣ ಹೇಳದೆ ಇರಬೇಡಿ. ಆ್ಯಪ್ ಮೂಲಕ ಸಾಲ ಕೊಡುವವರಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾರ್ಗಸೂಚಿ ಕೊಟ್ಟು 2025ರ ಮೇ ತಿಂಗಳಲ್ಲಿ ನಿರ್ದೇಶನಗಳನ್ನಾಗಿ ಗಟ್ಟಿಮಾಡಿದೆ. ಫೋನಿನ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಆ್ಯಪ್ ಮುಟ್ಟುವಂತಿಲ್ಲ. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ಬಡ್ಡಿದರವನ್ನು ಮುಖ್ಯಾಂಶ ಪತ್ರದಲ್ಲಿ ಮೊದಲೇ ಕೊಡಬೇಕು. ಸಾಲ ಬೇಡವೆನಿಸಿದರೆ ದಂಡವಿಲ್ಲದೆ ಹಿಂದಿರುಗಿಸಲು ಕನಿಷ್ಠ ಒಂದು ದಿನದ ಅವಕಾಶ ಇರಬೇಕು. ‘ನಾವು ಬರೀ ತಂತ್ರಾಂಶ ಕೊಟ್ಟವರು, ಸಾಲ ಕೊಟ್ಟದ್ದು ಇನ್ನೊಂದು ಸಂಸ್ಥೆ’ ಎನ್ನುವ ಉತ್ತರವನ್ನು ಬೆಳೆಗಾರರು ಒಪ್ಪುವುದಿಲ್ಲ.

ಕಾರ್ಮಿಕರ ಮಾತು ಬಂದಾಗ ನಾವು ಬೆಳೆಗಾರರಿಗೂ ಹೇಳಬೇಕಾದದ್ದಿದೆ. ಲೈನ್‌ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಇರುವವರ, ಅಸ್ಸಾಮಿನಿಂದ ಬಂದವರ, ಯರವ, ಕುರುಬ ಕುಟುಂಬದವರ ಮುಖದ ಫೋಟೊ ತೆಗೆದು ಹಾಜರಿ ಹಾಕುವ ಆ್ಯಪ್‌ಗಳು ಬಂದಿವೆ. ಆ ಮುಖದ ಮಾಹಿತಿಯನ್ನು ಕಂಪನಿ ತನ್ನ ಬೇರೆ ಕೆಲಸಕ್ಕೆ ಬಳಸಲು ತೋಟದ ಮಾಲೀಕನೋ ಲೆಕ್ಕ ಬರೆಯುವ ರೈಟರೋ ಒತ್ತುವ ‘ಒಪ್ಪಿದ್ದೇನೆ’ ಗುಂಡಿ ಸಾಲದು. ಒಪ್ಪಬೇಕಾದವರು ಆ ಮುಖದವರು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಮುಖ ಬದಲಿಸಲಾಗದು. ಹಾಜರಿಗೆ ಹೆಸರು, ಒಂದು ಸಂಖ್ಯೆ, ಕೊಯ್ದ ಕಿಲೋ, ಇಷ್ಟು ಸಾಕು. ಆಧಾರ್ ಪ್ರತಿಗಳನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದನ್ನು ನಾವೂ ಇಂದೇ ನಿಲ್ಲಿಸಬೇಕು.

ಉಪಕರಣಗಳ ವಿಷಯದಲ್ಲಿ ನಿಮ್ಮ ಮಾರಾಟದ ಮಾತು ಮತ್ತು ಇಲ್ಲಿನ ಮಳೆಗಾಲ ಒಂದನ್ನೊಂದು ಕಂಡೇ ಇಲ್ಲ. ಸೌರಫಲಕದಿಂದ ನಡೆಯುವ ಮಣ್ಣಿನ ತೇವಾಂಶ ಮಾಪಕ ನೆರಳಿನಡಿ ಬೇಸಿಗೆಯಲ್ಲೇ ಅರೆಹೊಟ್ಟೆ, ಜೂನ್ ನಂತರ ವಾರಗಟ್ಟಲೆ ಬಿಸಿಲಿಲ್ಲದೆ ಬ್ಯಾಟರಿ ಸಾಯುತ್ತದೆ. ಕನೆಕ್ಟರಿಗೆ ನೀರು ಹೊಕ್ಕು ಪಾಚಿ ಬಣ್ಣದ ಕಿಲುಬು ಹಿಡಿಯುತ್ತದೆ. ಮಾಪಕದ ಅಂಕಿ ಕಳಿಸುವ 865ರಿಂದ 867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ ಸಂಕೇತ ಬಯಲಿನಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗಬಹುದು, ಒದ್ದೆ ಎಲೆ ಮತ್ತು ಗುಡ್ಡದ ನಡುವೆ ಅದು ಬೇಗ ಕುಸಿಯುತ್ತದೆ. ಬೇರೆಡೆಯ ಮಣ್ಣಿಗೆ ಹೊಂದಿಸಿದ ಮಾಪಕ ಇಲ್ಲಿನ ಕೆಂಪು ಜಂಬಿಟ್ಟಿಗೆ ತಪ್ಪು ಅಂಕಿ ಕೊಡುತ್ತದೆ. ಇದೇ ಮಣ್ಣನ್ನು ಒಣಗಿಸಿ, ತೂಗಿ, ಅಳತೆ ನೀರು ಬೆರೆಸಿ ಮಾಪಕವನ್ನು ಹೊಂದಿಸಿಕೊಳ್ಳಬೇಕು. ತಪ್ಪು ಅಂಕಿ ನಂಬಿ ನೀರು ಬಿಟ್ಟರೆ ಡೀಸೆಲ್ ದಂಡ, ಬಿಡದಿದ್ದರೆ ಹೂವು ದಂಡ.

ಆನೆಯ ಎಚ್ಚರಿಕೆಯಲ್ಲಿ ಈ ತಪ್ಪಿಗೆ ಬೆಲೆ ಜೀವ. ಮಾಲ್ದಾರೆ, ಸಿದ್ದಾಪುರ, ತಿತಿಮತಿ ಸುತ್ತ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಆನೆಗೆ ಎದುರಾಗುವುದು ತೋಟದ ದಾರಿಯಲ್ಲಿ, ಅಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಇಂಟರ್‌ನೆಟ್ ಬೇಡುವ ಆ್ಯಪ್ ಸೂಚನೆಗಿಂತ ಎಸ್‌ಎಂಎಸ್, ಎಸ್‌ಎಂಎಸ್‌ಗಿಂತ ಲೈನ್‌ಮನೆ ಬಳಿಯ ಸೈರನ್, ಕೆಂಪು ದೀಪ ಹೆಚ್ಚು ಕೆಲಸಕ್ಕೆ ಬರುತ್ತವೆ. ಕ್ಯಾಮೆರಾ ಕೆಟ್ಟಿದ್ದರೆ ‘ಆನೆ ಇಲ್ಲ’ ಎಂದು ಯಾವತ್ತೂ ತೋರಿಸಬೇಡಿ, ‘ಕ್ಯಾಮೆರಾ ಕೆಟ್ಟಿದೆ’ ಎಂದು ತೋರಿಸಿ. ಆನೆಯ ಈ ಕ್ಷಣದ ಜಾಗವನ್ನು ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಹಾಕಬೇಡಿ, ಬೇಟೆಗಾರರೂ ಫೋನ್ ಹಿಡಿದ ಪ್ರವಾಸಿಗರೂ ಅದನ್ನೇ ನೋಡುತ್ತಾರೆ. ಪ್ರಯೋಗದ ಅವಧಿ ಮುಗಿಯಿತೆಂದು ಸೇವೆ ನಿಲ್ಲಿಸುವುದಾದರೆ ಕನಿಷ್ಠ 90 ದಿನ ಮೊದಲು ಪಂಚಾಯಿತಿಗೂ ಅರಣ್ಯ ಇಲಾಖೆಗೂ ತಿಳಿಸಿ. ಸೈರನ್ ಕೂಗಲಿಲ್ಲ ಎಂದರೆ ದಾರಿ ಸುರಕ್ಷಿತ ಎಂದು ಜನ ನಂಬಿ ನಡೆಯಲು ಕಲಿತಿರುತ್ತಾರೆ.

ಈಗ ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಇದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಕೆಲಸಕ್ಕೆ ಮಾತ್ರ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎಂದು ಕಾಯ್ದೆ ಹೇಳುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಒಪ್ಪಿಗೆಯ ಕೋರಿಕೆ ಓದುವ ಆಯ್ಕೆ ಕೊಡಬೇಕು, ಅದರಲ್ಲಿ ಕನ್ನಡ ಇದೆ. ಕೊಡವ ತಕ್ಕ್, ಅರೆಭಾಷೆ, ಯರವ ನುಡಿ ಇಲ್ಲ. ಕಾನೂನು ಕೇಳುವುದಿಲ್ಲವೆಂದು ನೀವು ಅವನ್ನು ಬಿಡಬೇಕಿಲ್ಲ, ಎರಡು ನಿಮಿಷದ ಧ್ವನಿಮುದ್ರಣಕ್ಕೆ ಏನು ಖರ್ಚು?

ಆದರೆ ಇದೇ ಕಾಯ್ದೆಯಲ್ಲಿ ಎರಡು ಕಿಂಡಿಗಳಿವೆ. ನ್ಯಾಯಾಲಯ ಅಥವಾ ನ್ಯಾಯಮಂಡಳಿ ಒಪ್ಪಿದ ಕಂಪನಿ ವಿಲೀನಕ್ಕೆ ದತ್ತಾಂಶ ಬಳಸುವಾಗ ಹಲವು ಹೊಣೆಗಳು ಅನ್ವಯಿಸುವುದಿಲ್ಲ ಎನ್ನುತ್ತದೆ 17ನೇ ಕಲಂ. ಕೇಂದ್ರ ಸರ್ಕಾರ ಬಯಸಿದರೆ ಸ್ಟಾರ್ಟಪ್‌ಗಳೂ ಸೇರಿದಂತೆ ಕೆಲವರಿಗೆ ಸೂಚನೆ ಕೊಡುವ ಹೊಣೆಯಿಂದ, ಮಾಹಿತಿ ಅಳಿಸುವ ಹೊಣೆಯಿಂದ ವಿನಾಯಿತಿ ಕೊಡಬಹುದು ಎಂದೂ ಅದೇ ಕಲಂ ಹೇಳುತ್ತದೆ. ಅಂದರೆ ಕಂಪನಿ ಕೈ ಬದಲಾಗುವ ಹೊತ್ತಿನಲ್ಲಿ, ಕಂಪನಿ ಇನ್ನೂ ಎಳೆಯದಾಗಿರುವ ಹೊತ್ತಿನಲ್ಲಿ, ಬೆಳೆಗಾರನಿಗೆ ರಕ್ಷಣೆ ತೆಳು. ಅಪಾಯ ಹೆಚ್ಚಿರುವುದೂ ಆಗಲೇ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕಕ್ಕೆ ಮೊದಲ 1000 ಕಂಪನಿಗಳಾದರೂ ಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ 2022-23ರಿಂದ ಹೊಣೆಗಾರಿಕೆ ವರದಿ ಕೊಡಬೇಕು. ನಮ್ಮ ಬೇಲಿ ಸುತ್ತುವ ಕಂಪನಿಗಳಲ್ಲಿ ಹೆಚ್ಚಿನವು ಷೇರುಪೇಟೆಗೆ ಬಂದವಲ್ಲ. ಕಾನೂನು ಬಿಟ್ಟ ಈ ಜಾಗದಲ್ಲಿ ಹೂಡಿಕೆದಾರರು ನಿಂತಿದ್ದಾರೆ. ಅದಕ್ಕೇ ಪತ್ರ ಅವರಿಗೂ ಬರೆದದ್ದು.

ಹೂಡಿಕೆದಾರರೇ, ನಿಮ್ಮ ನಿಧಿಗಳ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಮೊದಲ ನಾಲ್ಕೈದು ವರ್ಷ ಹೂಡುತ್ತೀರಿ, ಉಳಿದ ವರ್ಷಗಳಲ್ಲಿ ಹೊರಬರುತ್ತೀರಿ. ಇಲ್ಲಿ ಅರೇಬಿಕಾ ಸಸಿ ನೆಟ್ಟು ಮೊದಲ ಕೊಯ್ಲು ನೋಡಲು ಮೂರು ನಾಲ್ಕು ವರ್ಷ ಬೇಕು, ರೊಬಸ್ಟಾ ಗಿಡ ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊಯ್ಯುತ್ತಾನೆ. ನೀವು ಹೊರಟ ಮೇಲೂ ತೋಟ ಇರುತ್ತದೆ, ಅದರ ನಕ್ಷೆ ಯಾರದೋ ಸರ್ವರಿನಲ್ಲಿ ಇರುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ನೀವು ಕೇಳುವ ಅಂಕಿ ‘ಎಷ್ಟು ರೈತರು ನೋಂದಾಯಿಸಿದರು, ಎಷ್ಟು ಎಕರೆ ಸೇರಿತು’ ಎಂದಾದರೆ, ತೋಟದ ಮೂಲೆಯಲ್ಲಿ ನಿಂತ ಪ್ರತಿನಿಧಿ ಅದನ್ನೇ ಹೇಗಾದರೂ ತಂದುಕೊಡುತ್ತಾನೆ. ಬದಲಿಗೆ ಇವನ್ನು ಕೇಳಿ: ಎಷ್ಟು ಮಂದಿ ಒಪ್ಪಿಗೆ ಹಿಂಪಡೆದರು, ಅಳಿಸಲು ಕೇಳಿದವರ ಮಾಹಿತಿ ಎಷ್ಟು ದಿನದಲ್ಲಿ ಅಳಿಯಿತು, ಎಷ್ಟು ನಕ್ಷೆಗಳು ಸರ್ವೆ ಗಡಿಗೆ ತಾಳೆಯಾಗಲಿಲ್ಲ, ಕೆಂಪು ಗುರುತು ಬಿದ್ದ ತೋಟಗಳಲ್ಲಿ ಎಷ್ಟನ್ನು ಕಾಲಿಟ್ಟು ನೋಡಿದ್ದೀರಿ.

ಷೇರುದಾರರ ಒಪ್ಪಂದದಲ್ಲಿ ನಿಮ್ಮ ಹಣ ಮೊದಲು ವಾಪಸ್ ಬರುವಂತೆ ಕಲಂ ಹಾಕಿಕೊಳ್ಳುತ್ತೀರಿ, ನಿಮ್ಮ ಒಪ್ಪಿಗೆ ಇಲ್ಲದೆ ಮಾಡಬಾರದ ಕೆಲಸಗಳ ಪಟ್ಟಿ ಬರೆಸುತ್ತೀರಿ. ಅದೇ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ: ಬೆಳೆಗಾರರ ಹೊಸ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಕಂಪನಿಯ ಆಸ್ತಿ ಎಂದು ಬೆಲೆ ಕಟ್ಟುವಂತಿಲ್ಲ. ಕಂಪನಿ ದಿವಾಳಿಯಾದರೆ 2016ರ ದಿವಾಳಿ ಸಂಹಿತೆಯ ಸಾಲಿನಲ್ಲಿ ಭದ್ರತೆ ಪಡೆದು ಸಾಲ ಕೊಟ್ಟವರು, ಕಾರ್ಮಿಕರ ಬಾಕಿ ಮುಂದೆ ಇರುತ್ತವೆ, ಕಾಫಿ ಹಣ ಬರಬೇಕಾದ ಸಣ್ಣ ಬೆಳೆಗಾರ ಹಿಂದೆ ಎಲ್ಲೋ ಇರುತ್ತಾನೆ. ಇತ್ತ ಕ್ಲೌಡ್ ಬಾಡಿಗೆ ಕಟ್ಟುವವರಿಲ್ಲದೆ ಐದು ವರ್ಷದ ಮಳೆ, ಗೊಬ್ಬರ, ಇಳುವರಿ ಲೆಕ್ಕವೆಲ್ಲ ಅಳಿದುಹೋಗಬಹುದು, ಇಲ್ಲವೇ ಯಾರ ಕೈಗೋ ಸೇರಬಹುದು. ಇದಕ್ಕೆ ಮದ್ದು ಮೊದಲ ದಿನವೇ ಹಾಕಬೇಕು. ಹೂಡಿಕೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಯಲ್ಲಿಡಿ, ಬಾಗಿಲು ಹಾಕಿದರೂ 6 ತಿಂಗಳು ಸರ್ವರ್ ನಡೆಸಿ ಎಲ್ಲರ ಮಾಹಿತಿ ಹಿಂದಿರುಗಿಸಿ ಉಳಿದದ್ದನ್ನು ಅಳಿಸುವಷ್ಟು ಹಣ ಅದರಲ್ಲಿರಲಿ. ತೋಟದ ಲೆಕ್ಕವನ್ನು ಸಿಎಸ್‌ವಿ ಕಡತವಾಗಿ, ನಕ್ಷೆಯನ್ನು ಜಿಯೋಜೇಸನ್ ಕಡತವಾಗಿ ಬೆಳೆಗಾರ ಯಾವ ದಿನ ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತಿರಲಿ. ಐರೋಪ್ಯ ಒಕ್ಕೂಟದ ವ್ಯವಸ್ಥೆ ಒಪ್ಪುವುದೂ ಜಿಯೋಜೇಸನ್ ಅನ್ನೇ, ಆದ್ದರಿಂದ ಒಂದು ಕಂಪನಿ ಮಾಡಿದ ನಕ್ಷೆ ಇನ್ನೊಂದರಲ್ಲಿ ನಡೆಯುವುದಿಲ್ಲ ಎಂಬ ನೆಪಕ್ಕೆ ಅರ್ಥವಿಲ್ಲ.

ನಮಗೆ ಬೇಕಾದದ್ದು ಬರವಣಿಗೆಯ ಉತ್ತರ, ಕನ್ನಡದಲ್ಲಿ, ಎಲ್ಲರೂ ಓದುವ ಕಡೆ. ಏನೇನು ಮಾಹಿತಿ ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ, ಕಂಪನಿ ಮಾರಾಟವಾದರೆ ಅದು ಏನಾಗುತ್ತದೆ, ದೂರು ಕೇಳುವ ಅಧಿಕಾರಿ ಯಾರು, ಅವರ ಫೋನ್ ಸಂಖ್ಯೆ ಯಾವುದು. ಹೂಡಿಕೆದಾರರಾದರೆ, ನಿಮ್ಮ ಒಪ್ಪಂದದಲ್ಲಿ ಮೇಲಿನ ಸಾಲು ಇದೆಯೇ ಇಲ್ಲವೇ. ಮುಂದಿನ ಕೊಯ್ಲಿಗೆ ನಿಮ್ಮ ಪ್ರತಿನಿಧಿಗಳು ಗೇಟಿನ ಬಳಿ ಬರುವ ಮೊದಲು ಈ ಉತ್ತರ ಬಂದಿರಲಿ.

ಅಲ್ಲಿಯವರೆಗೆ ಬೆಳೆಗಾರರಲ್ಲಿ ನಮ್ಮ ಕೋರಿಕೆ ಇಷ್ಟು. 10 ಎಕರೆಯೊಳಗಿನ ತೋಟವಾದರೆ ಸರ್ವೆ ನಂಬರ್ ಮತ್ತು ಒಂದು ಬಿಂದು ಮಾತ್ರ ಕೊಡಿ, ಬೇಲಿ ಸುತ್ತಲು ಬಿಡಬೇಡಿ. ಆಧಾರ್ ಏಕೆ ಬೇಕು ಎಂದು ಕೇಳಿ, ಯಾವ ಕಾನೂನಿನ ಯಾವ ಕಲಂ ಎಂದು ಬರೆದುಕೊಡಲು ಹೇಳಿ. ಸಾಲದ ವಿವರ ಬ್ಯಾಂಕಿಗೆ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ. ಪ್ರತಿನಿಧಿಯ ಗುರುತಿನ ಚೀಟಿಯ ಮತ್ತು ತುಂಬಿದ ಪ್ರತಿ ಪುಟದ ಫೋಟೊ ನಿಮ್ಮ ಫೋನಿನಲ್ಲಿರಲಿ. ಜಮ್ಮಾ ಜಾಗವಾದರೆ ಒಕ್ಕದ ಉಳಿದವರಿಗೆ ತಿಳಿಸಿದ ಮೇಲೆ ಮುಂದುವರಿಯಿರಿ. ಓಟಿಪಿ ಬಂದಾಗ ಸಂದೇಶವನ್ನು ಕೊನೆಯ ಪದದವರೆಗೆ ಓದಿ, ಅದು ಯಾವುದಕ್ಕೆ ಒಪ್ಪಿಗೆ ಎಂದು ಅಲ್ಲಿ ಬರೆದಿದೆಯೇ ನೋಡಿ. ಓದಿ ಅರ್ಥವಾಗದಿದ್ದರೆ ಪ್ರತಿನಿಧಿಗೆ ನಾಳೆ ಬರಲು ಹೇಳಿ.

ಇಂತಿ,
ಕೊಡಗಿನ ಕೆಲವು ಕಾಫಿ ಬೆಳೆಗಾರರು, ತೋಟದ ಲೆಕ್ಕ ಬರೆಯುವವರು ಮತ್ತು ತಂತ್ರಾಂಶ ಕೆಲಸದವರು